ಇಚ್ಚನ ಶುಕ್ರವಾರ

ಬೀಳ್ಕೊಡುಗೆಯ ದಿನ ಆಫೀಸಿನ ಗೋಡೆಗೆ ಕಟ್ಟಿದ ಬ್ಯಾನರಿನಲ್ಲಿ ಅವರ ಪೂರ್ತಿ ಹೆಸರು ಓದಿ, ಹೋದ ವರ್ಷ ಸೇರಿದ ಹುಡುಗಿಯೊಬ್ಬಳು ಇದು ಯಾರು ಎಂದು ನನ್ನ ಕಿವಿಯಲ್ಲಿ ಕೇಳಿದಳು. ತಪ್ಪು ಅವಳದ್ದಲ್ಲ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನೂ ಕಂಡಿಲ್ಲ. ನಮ್ಮ ಕಡೆಯ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಅಣ್ಣನನ್ನು ಇಚ್ಚ ಎನ್ನುತ್ತಾರೆ. ಮೊದಲು ಕೆಲಸಕ್ಕೆ ಸೇರಿದ ಇಬ್ಬರು ಬ್ಯಾರಿ ಹುಡುಗರು ಹಾಗೆ ಕರೆದರು. ಆಮೇಲೆ ಗೌಡರ ಹುಡುಗಿ ನಾನು ಕರೆದೆ, ಭಟ್ಟರ ಹುಡುಗ ಕರೆದ, ಕೊನೆಗೆ ಅವರಿಗೆ ಸಂಬಳ ಕೊಡುವ ಯಜಮಾನರೂ ಇಚ್ಚ ಎನ್ನತೊಡಗಿದರು. ಯಜಮಾನರು ಪ್ರಾಯದಲ್ಲಿ ಅವರಿಗಿಂತ ದೊಡ್ಡವರು. ತನಗಿಂತ ಚಿಕ್ಕವನನ್ನು ಅಣ್ಣಾ ಎಂದು ಕರೆಯುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾವು ಯಾರೂ ಹೇಳಲು ಹೋಗಲಿಲ್ಲ.

ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಎರಡು ಮಾತು ಹೇಳಬೇಕೆಂದು ಯಜಮಾನರು ಒತ್ತಾಯ ಮಾಡಿದರು. ಇಚ್ಚ ಎದ್ದು ನಿಂತರು. ಹೇಳುವುದನ್ನೆಲ್ಲ ಇಷ್ಟು ವರ್ಷ ಸೋಮವಾರ ಸೋಮವಾರ ಹೇಳಿ ಆಗಿದೆ, ಕೇಳಿಸಿಕೊಂಡವರಿಗೂ ಉಪಕಾರ, ಕೇಳಿಸಿಕೊಳ್ಳದವರಿಗೂ ಉಪಕಾರ ಎಂದು ಕೂತುಬಿಟ್ಟರು. ಸಂಜೆ ಎಂದಿನ ಜಾಲ್ಸೂರು ಬಸ್ಸನ್ನೇ ಹಿಡಿದು ಮನೆಗೆ ಹೋದರು. ಅವರ ಕುರ್ಚಿಯಲ್ಲಿ ಈಗ ಭಟ್ಟರ ಹುಡುಗ ಕೂರುತ್ತಾನೆ. ಹುಡುಗ ಎಂದರೂ ಅವನಿಗೆ ತಲೆ ನೆರೆಯಲು ಶುರುವಾಗಿದೆ.

ನಮ್ಮದು ಪುತ್ತೂರಿನಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿರುವ ಸಣ್ಣ ಸಾಫ್ಟ್‌ವೇರ್ ಕಂಪೆನಿ. ರಕ್ತಪರೀಕ್ಷೆ ಮಾಡುವ ಲ್ಯಾಬುಗಳಿಗೆ ಬೇಕಾದ ಪ್ರೋಗ್ರಾಂ ಬರೆದುಕೊಡುತ್ತೇವೆ. ರೋಗಿಯ ಹೆಸರು, ಫೋನ್ ನಂಬರ್ ಬರೆದುಕೊಳ್ಳುವುದರಿಂದ ಹಿಡಿದು ವರದಿ ಅಚ್ಚಾಗಿ ಅವರ ಕೈಗೆ ಬರುವ ತನಕ ಎಲ್ಲವೂ ಅದರೊಳಗೆ. ಲ್ಯಾಬು ಪುತ್ತೂರಿನಲ್ಲಿದ್ದರೆ ಅದರ ರಕ್ತ ತೆಗೆಯುವ ಕೇಂದ್ರಗಳು ಸುಳ್ಯ, ಕಡಬದ ಕಡೆಯೆಲ್ಲ ಇರುತ್ತವೆ. ಬೆಳಿಗ್ಗೆ ತೆಗೆದ ರಕ್ತ ಐಸ್ ಡಬ್ಬಿಯೊಳಗೆ ಕೂತು, ಕಂಡಕ್ಟರನ ಕಾಲ ಬುಡದಲ್ಲಿ ಟಿಕೆಟಿಲ್ಲದೆ ಪ್ರಯಾಣ ಮಾಡಿ ಬರುತ್ತದೆ. ಲ್ಯಾಬಿನವರಿಗೆ ಏನೇನು ಹೊಸತು ಬೇಕು ಎಂದು ಕೇಳಿಕೊಂಡು ಬರುವವಳು ನಾನು. ಬರೆಯುವ ಹುಡುಗರ ಮುಖ್ಯಸ್ಥರು ಇಚ್ಚ. ಅಂದರೆ ನಾನು ಬೇಕು ಎನ್ನುವವಳು, ಅವರು ತಡಿ ಎನ್ನುವವರು. ಅತ್ತೆ ಸೊಸೆಯರ ಹಾಗೆ ನಮ್ಮ ಸಂಸಾರ ನಡೆಯುತ್ತಿತ್ತು. ಯಾರು ಅತ್ತೆ ಎಂಬುದು ಮಾತ್ರ ವಾರ ವಾರ ಬದಲಾಗುತ್ತಿತ್ತು.

ಇಚ್ಚ ಎತ್ತರದ ಆಳು, ಭುಜ ಸ್ವಲ್ಪ ಬಾಗಿದೆ. ಅಂಗಿಯ ಕಿಸೆಯಲ್ಲಿ ಪೆನ್ನಿನ ಪಕ್ಕ ಒಂದು ಸಣ್ಣ ಸ್ಕ್ರೂಡ್ರೈವರ್ ಸದಾ ಇರುತ್ತಿತ್ತು. ಮಾತಾಡುತ್ತ ಮಾತಾಡುತ್ತಲೇ ಬಾಗಿಲಿನ ಹಿಡಿಯನ್ನೋ ಕುರ್ಚಿಯ ಕೈಯನ್ನೋ ಬಿಗಿ ಮಾಡಿಬಿಡುವರು. ಮದುವೆ ಮನೆಯಲ್ಲಿ ಊಟದ ಮೇಜು ಅಲುಗಿದರೆ ಎಲ್ಲರೂ ಎಲೆ ಹಿಡಿದುಕೊಳ್ಳುತ್ತೇವೆ. ಇವರು ಬಗ್ಗಿ ಮೇಜಿನ ಕಾಲು ನೋಡುವವರು. ಯಜಮಾನರ ಹತ್ತಿರ ತುಳು, ಗಡಿಯಾಚೆಯಿಂದ ಬರುವ ಹುಡುಗಿಯ ಹತ್ತಿರ ಮಲಯಾಳ, ನನ್ನ ಹತ್ತಿರ ನಮ್ಮ ಗೌಡರ ಅರೆಭಾಷೆ, ಮನೆಗೆ ಫೋನಿನಲ್ಲಿ ಬ್ಯಾರಿ ಮಾತಾಡುವರು. ಎಲ್ಲರೂ ಕೂಡಿದ ಮೀಟಿಂಗಿನಲ್ಲಿ ಮಾತ್ರ ಕನ್ನಡ, ಅದೂ ಹೆಚ್ಚಾಗಿ ಬೇಡ ಎನ್ನಲಿಕ್ಕೆ.

ಮಧ್ಯಾಹ್ನ ಮನೆಯಿಂದ ತಂದ ಪತ್ತಿರ್ ಎಂಬ ಅಕ್ಕಿರೊಟ್ಟಿ ಅರ್ಧ ಅವರಿಗೆ, ಅರ್ಧ ನಮಗೆ. ಕೊಡುವುದರಲ್ಲಿ ಧಾರಾಳ, ಹೊಗಳುವುದರಲ್ಲಿ ಮಹಾ ಜಿಪುಣ. ಹಗಲಿರುಳು ಕೂತು ಬರೆದು ತೋರಿಸಿದರೂ "ಆಗ್ಬಹುದು" ಅಷ್ಟೆ. ಸಿಟ್ಟು ಬಂದರೆ ಬಯ್ಯುತ್ತಿರಲಿಲ್ಲ, ಕನ್ನಡಕ ತೆಗೆದು ಒರೆಸುತ್ತಿದ್ದರು. ಒರೆಸುವುದು ಜಾಸ್ತಿ ಹೊತ್ತಾದರೆ ಸಿಟ್ಟು ಜಾಸ್ತಿ ಎಂದು ನಾವು ತಿಳಿದುಕೊಳ್ಳಬೇಕು. ಹಟವಂತೂ ಕೇಳುವುದೇ ಬೇಡ. ಹಿಡಿದರೆ ಉಡದ ಹಿಡಿತ.

ಸೋಮವಾರ ಬೆಳಿಗ್ಗೆ ವಾರದ ಕೆಲಸ ಹಂಚುವ ಮೀಟಿಂಗು. ಗೋಡೆಯ ಬೋರ್ಡಿನ ನಡುವೆ ಇಚ್ಚ ಒಂದು ಗೆರೆ ಎಳೆಯುವರು. ಎಡಬದಿಯಲ್ಲಿ ಹೊಸದಾಗಿ ಮಾಡಿಕೊಡಬೇಕಾದ್ದು, ಬಲಬದಿಯಲ್ಲಿ ಹಳೆಯದರಲ್ಲಿ ಸರಿ ಮಾಡಬೇಕಾದ್ದು. ಎಡಬದಿ ನನ್ನದು, ಮದುವೆ ಮನೆಯ ಹಾಗೆ ನಿಮಿಷದಲ್ಲಿ ತುಂಬುತ್ತಿತ್ತು. ಬಣ್ಣದ ವರದಿ ಬೇಕು, ಹುಟ್ಟುಹಬ್ಬಕ್ಕೆ ರೋಗಿಗಳಿಗೆ ಶುಭಾಶಯ ಹೋಗಬೇಕು, ಡಾಕ್ಟರರ ಸಹಿಯ ಕೆಳಗೆ ನವಿಲುಗರಿಯ ಚಿತ್ರ ಬೇಕು. ಬಲಬದಿಯಲ್ಲಿ ಇಚ್ಚನ ಸಪ್ಪೆ ಅಕ್ಷರದಲ್ಲಿ, ಸುಳ್ಯದ ಪ್ರಿಂಟರಿಗೆ ಎರಡು ಸಲ ಹೇಳಬೇಕಾಗುತ್ತದೆ, ಯಾಕೆ ನೋಡುವುದು ಎಂಬಂಥ ಸಾಲುಗಳು. ಯಜಮಾನರಿಗೆ ಕತ್ತು ಬಲಕ್ಕೆ ತಿರುಗುತ್ತಲೇ ಇರಲಿಲ್ಲ. ಅದೆಲ್ಲ ಮುಂದಿನ ವಾರ ನೋಡಿದರಾಯಿತು ಎನ್ನುವರು. ಮುಂದಿನ ವಾರಕ್ಕೂ ಒಂದು ಮುಂದಿನ ವಾರ ಇದ್ದೇ ಇರುತ್ತದೆ.

ಶುಕ್ರವಾರದ ಪದ್ಧತಿ ಹುಟ್ಟಿದ್ದು ಯಾವ ದೊಡ್ಡ ಯೋಚನೆಯಿಂದಲೂ ಅಲ್ಲ. ಶುಕ್ರವಾರ ಮಧ್ಯಾಹ್ನ ಇಚ್ಚನೂ ಬ್ಯಾರಿ ಹುಡುಗರೂ ಜುಮಾ ನಮಾಜಿಗೆ ಹೋಗುತ್ತಿದ್ದರು. ತಾನಿಲ್ಲದ ಹೊತ್ತಿನಲ್ಲಿ ಹೊಸತೇನನ್ನೂ ಲ್ಯಾಬುಗಳಿಗೆ ಬಿಡಬಾರದು ಎಂದು ಇಚ್ಚ ಕಟ್ಟಪ್ಪಣೆ ಮಾಡಿದ್ದರಿಂದ ಉಳಿದ ನಾವು ಕೂತು ಹರಟುತ್ತಿದ್ದೆವು. ಒಮ್ಮೆ ಅವರು ಮಸೀದಿಯಿಂದ ಬರುವಾಗ ನಾವು ಯಾರದ್ದೋ ಮದುವೆಯ ಸೀರೆಯ ಚರ್ಚೆಯಲ್ಲಿ ಮುಳುಗಿದ್ದೆವು. ಅವರು ಸೀರೆಯ ಬಣ್ಣ ಕೇಳಿ ತಿಳಿದುಕೊಂಡರು, ಬೋರ್ಡಿನ ಬಲಬದಿ ತೋರಿಸಿದರು, ಇಲ್ಲಿಂದ ಮುಂದೆ ಶುಕ್ರವಾರ ಉಳಿದವರು ಇದರಲ್ಲಿ ಒಂದೊಂದು ಮುಗಿಸಬೇಕು, ಬಂದ ಮೇಲೆ ನಾವೂ ಕೂರುತ್ತೇವೆ ಎಂದರು. ಮೊದಲು ಅದು ಆ ಒಂದು ಗಂಟೆಯ ಕೆಲಸವಾಗಿತ್ತು, ಆಮೇಲೆ ಮಧ್ಯಾಹ್ನದಿಂದ ಸಂಜೆಯಾಯಿತು, ನೋಡ ನೋಡುತ್ತ ಇಡೀ ದಿನವನ್ನೇ ನುಂಗಿತು. ನಾವು ಅದಕ್ಕೆ ಗುಡಿಸುವ ದಿನ ಎಂದು ಹೆಸರಿಟ್ಟೆವು.

ಯಜಮಾನರಿಗೆ ಇದು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳು. ಗುಡಿಸಿದ್ದನ್ನು ಗಿರಾಕಿಗೆ ತೋರಿಸಲಿಕ್ಕಾಗುತ್ತದೆಯೇ ಎಂದು ಕೇಳುವರು. ನಾನೂ ಬಾಯಿ ಸೇರಿಸುತ್ತಿದ್ದೆ. ಲ್ಯಾಬಿಗೆ ಹೋದವಳು ಹೋದ ವಾರ ನಾವು ನಿಮಗಾಗಿ ಕಸ ತೆಗೆದೆವು ಎಂದರೆ ಅವರು ಮೂಗು ಮುರಿಯುವುದಿಲ್ಲವೇ. ಮೇಲೆ ಥಳುಕು ಒಳಗೆ ಹುಳುಕು ಎಂದು ಇಚ್ಚ ಗೊಣಗುವರು, ನಾನು ಥಳುಕನ್ನೇ ಮಾರಿ ಬರುತ್ತಿದ್ದೆ.

ಆದರೆ ಕಡಬದ ಕಥೆಯಾದ ಮೇಲೆ ನನ್ನ ಬಾಯಿ ಸ್ವಲ್ಪ ಸಣ್ಣದಾಯಿತು. ಪುತ್ತೂರಿನಲ್ಲಿದ್ದ ಊರುಗಳನ್ನು ತೆಗೆದು ಕಡಬವನ್ನು ಬೇರೆ ತಾಲೂಕು ಮಾಡಿದಾಗ ವರದಿಯ ಮೇಲಿನ ವಿಳಾಸ ಬದಲಾಗಬೇಕಿತ್ತು. ನಮ್ಮ ಪ್ರೋಗ್ರಾಮಿನೊಳಗೆ ತಾಲೂಕಿನ ಹೆಸರು ಎಲ್ಲೆಂದರಲ್ಲಿ ಅಂಟಿಕೊಂಡಿತ್ತು. ಪೂರ್ತಿ ಸರಿ ಮಾಡಲು ಪುರುಸೊತ್ತಿಲ್ಲ, ಹೊಸ ಕೆಲಸಗಳ ರಾಶಿ. ಹಾಗಾಗಿ ಯಾವ ಊರಿನವರು ಜಗಳ ತೆಗೆಯುತ್ತಾರೋ ಆ ಊರಿಗೆ ಒಂದು ತೇಪೆ. ರಾಮಕುಂಜದವರು ಫೋನ್ ಮಾಡಿದರು, ಅವರಿಗೊಂದು ಹಾಕಿದೆವು, ಅದು ಒಂದು ಬಗೆಯ ವರದಿಗೆ ಮಾತ್ರ ತಾಗಿತು. ಒಂದು ದಿನ ಅಲ್ಲಿನ ಒಬ್ಬರು ಹಿರಿಯರು ಹೆಂಡತಿಯ ವರದಿಯನ್ನೂ ತನ್ನ ವರದಿಯನ್ನೂ ಹಿಡಿದುಕೊಂಡು ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಒಂದರಲ್ಲಿ ಕಡಬ ತಾಲೂಕು, ಇನ್ನೊಂದರಲ್ಲಿ ಪುತ್ತೂರು ತಾಲೂಕು.

"ಇಷ್ಟು ವರ್ಷ ಒಂದೇ ಮಾಡಿನ ಅಡಿಯಲ್ಲಿ ಇದ್ದೇವೆ. ನಮ್ಮನ್ನು ಬೇರೆ ಮಾಡಿದ್ದು ಸರಕಾರವಾ ನೀವಾ?" ಎಂದು ಕೇಳಿದರು.

ಆಮೇಲೆ ಇಚ್ಚ ಒಂದರ ಹಿಂದೆ ಒಂದು ಶುಕ್ರವಾರ ಕೂತು ತೇಪೆಗಳನ್ನೆಲ್ಲ ಕಿತ್ತು ಬುಡದಿಂದ ಸರಿ ಮಾಡಿದರು. ಆ ಗಂಡ ಹೆಂಡತಿ ಒಂದೇ ತಾಲೂಕಿಗೆ ಬಂದರು.

ಹಾಗೆಂದು ಇಚ್ಚ ಗುಡಿಸಿದ್ದೆಲ್ಲ ಕಸವೇ ಆಗಿತ್ತು ಎಂದಲ್ಲ. ಒಮ್ಮೆ ಯಾರೂ ಬಳಸುವುದಿಲ್ಲ ಎಂದುಕೊಂಡು ಒಂದು ಹಳೆಯ ತುಂಡನ್ನು ಕಿತ್ತೆಸೆದರು. ಮರುದಿನ ಬೆಳಿಗ್ಗೆ ಸುಳ್ಯದಲ್ಲಿ ರಕ್ತದ ಟ್ಯೂಬಿಗೆ ಅಂಟಿಸುವ ಚೀಟಿ ಬರುವುದೇ ನಿಂತಿತು. ಅಲ್ಲಿನ ಮುದಿ ಪ್ರಿಂಟರು ಆ ತುಂಡನ್ನೇ ನಂಬಿಕೊಂಡಿತ್ತಂತೆ. ಹುಡುಗರಿಗೆ ಅದನ್ನು ವಾಪಸು ಹಾಕಲು ಹೇಳಿ ಇಚ್ಚ ತಾನೇ ಬಸ್ಸು ಹತ್ತಿ ಸುಳ್ಯಕ್ಕೆ ಹೋದರು. ಕೌಂಟರಿನ ಹುಡುಗಿಯ ಪಕ್ಕದಲ್ಲಿ ಕೂತು, ಸಾಲಿನಲ್ಲಿ ನಿಂತವರ ಬಯ್ಗುಳ ಕೇಳುತ್ತ, ಮಧ್ಯಾಹ್ನದ ತನಕ ಕೈಯಲ್ಲೇ ಚೀಟಿ ಬರೆದು ಅಂಟಿಸಿದರು. ತಿರುಗಿ ಬಂದು, ತೆಗೆಯುವ ಮೊದಲು ಊರವರನ್ನು ಕೇಳಬೇಕು ಎಂದು ಎಲ್ಲರೆದುರು ಹೇಳಿದರು. ಅಂದಿನಿಂದ ಗುಡಿಸುವಾಗ ಏನೇ ಸಿಕ್ಕಿದರೂ ಮೊದಲು ನನ್ನನ್ನು ಕರೆದು ತೋರಿಸುವುದು ರೂಢಿಯಾಯಿತು. ನನಗೆ ಅದು ದೊಡ್ಡ ಉಪದ್ರವಾಗಿತ್ತು.

ನಾನು ಹೇಳಬೇಕೆಂದು ಹೊರಟದ್ದು ಒಂದೇ ಒಂದು ಶುಕ್ರವಾರದ ಸಂಗತಿ. ನಮ್ಮ ಅತಿ ದೊಡ್ಡ ಗಿರಾಕಿ ಪುತ್ತೂರಿನ ಒಬ್ಬರು ಡಾಕ್ಟ್ರಮ್ಮ. ಅವರ ಲ್ಯಾಬು ನಡೆದರೆ ನಮ್ಮ ಆಫೀಸು ನಡೆಯುತ್ತದೆ ಎನ್ನುವಷ್ಟು ದೊಡ್ಡವರು. ಕಡಬದಲ್ಲಿ ಹೊಸ ಕೇಂದ್ರ ತೆರೆಯುವ ಹೊತ್ತಿಗೆ ಅವರಿಗೆ ಒಂದು ಹೊಸ ಸೌಕರ್ಯ ಬೇಕಾಗಿತ್ತು: ವರದಿ ನೇರವಾಗಿ ರೋಗಿಯ ಫೋನಿಗೆ ಹೋಗಬೇಕು. ಉದ್ಘಾಟನೆ ಒಂದು ಶನಿವಾರ. ಅತಿಥಿಗಳು ವೇದಿಕೆಯ ಮೇಲೆ ಒಂದು ಬಟನ್ ಒತ್ತುವುದು, ಒತ್ತಿದ ಕೂಡಲೇ ಲ್ಯಾಬಿನಲ್ಲಿ ನಂಬರ್ ಕೊಟ್ಟ ಎಲ್ಲ ರೋಗಿಗಳಿಗೆ ಸಂದೇಶ ಹೋಗುವುದು, ಅದನ್ನು ತೆರೆದರೆ ಅವರ ಹಳೆಯ ಹೊಸ ವರದಿಗಳೆಲ್ಲ ಅದರಲ್ಲೇ. ಯಜಮಾನರು ಒಪ್ಪಿಕೊಂಡರು, ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಯಿತು.

ಆ ಗಡಿಬಿಡಿಯಲ್ಲಿ ಶುಕ್ರವಾರಗಳು ಒಂದೊಂದಾಗಿ ಹೋದವು. ಇಚ್ಚ ಕೊಟ್ಟರು. ಬೋರ್ಡಿನ ಬಲಬದಿ ಹಾಗೇ ಉಳಿಯಿತು. ಕೆಲಸ ಚೆನ್ನಾಗಿಯೇ ಆಗಿತ್ತು. ನಮ್ಮ ನಮ್ಮ ಫೋನಿಗೆ ಕಳಿಸಿ ಪರೀಕ್ಷೆ ಮಾಡಿದೆವು, ಎಲ್ಲರಿಗೂ ಅವರವರದ್ದೇ ವರದಿ ಬಂತು, ಯಜಮಾನರು ಲಾಡು ಹಂಚಿದರು. ಉದ್ಘಾಟನೆಗೆ ಎರಡು ದಿನ ಇರುವಾಗ ಡಾಕ್ಟ್ರಮ್ಮನ ಕಡೆಯಿಂದ ಇನ್ನೊಂದು ಬೇಡಿಕೆ ಬಂತು. ಸಂದೇಶ ತೆರೆದಾಗ ಅವರ ಭಾವಚಿತ್ರ ಕಾಣಬೇಕು, ಅದರ ಮೇಲೆ ಹೂವು ಉದುರಬೇಕು. ನಾನೇ ತಂದ ಬೇಡಿಕೆ. ಅದಕ್ಕೆ ಶುಕ್ರವಾರ ಬೇಕಿತ್ತು. ಇಚ್ಚ ಕನ್ನಡಕ ತೆಗೆದರು.

"ಇದೊಂದು ಬಿಡಿ ಇಚ್ಚ, ಮುಂದಿನ ತಿಂಗಳು ಎಲ್ಲ ಶುಕ್ರವಾರ ನಿಮ್ದೇ" ಎಂದರು ಯಜಮಾನರು.

"ಕೊಟ್ಟದ್ದನ್ನು ನಾನು ವಾಪಸು ಕೇಳಿದ್ದೇನಾ? ಇದೊಂದು ಕೊಡುದಿಲ್ಲ. ಶನಿವಾರ ಊರಿಗೆಲ್ಲ ಬಾಗಿಲು ತೆಗಿಯುದಲ್ವಾ, ಅದಕ್ಕಿಂತ ಮೊದ್ಲು ಒಮ್ಮೆ ಒಳಗೆ ನೋಡ್ಬೇಕು."

"ಒಳಗೆ ಎಂತ ಉಂಟು ನೋಡ್ಲಿಕ್ಕೆ?"

"ಗೊತ್ತಿಲ್ಲ. ಅದಕ್ಕೇ ನೋಡುದು."

ಯಜಮಾನರ ಮುಖ ಕೆಂಪಾಯಿತು. ಡಾಕ್ಟ್ರಮ್ಮ ಮುನಿಸಿಕೊಂಡು ಮಂಗಳೂರಿನ ಯಾವುದಾದರೂ ಕಂಪೆನಿಗೆ ಹೋದರೆ ನಮ್ಮ ಗತಿ ಏನು, ಇಷ್ಟು ಜನರ ಮನೆಯ ಒಲೆ ಉರಿಯಬೇಕು, ನಿಮ್ಮ ಗುಡಿಸುವಿಕೆಯಿಂದ ಉರಿಯುತ್ತದೆಯೇ ಎಂದು ಏನೇನೋ ಹೇಳಿದರು. ಇಚ್ಚ ಒರೆಸುತ್ತಲೇ ಇದ್ದರು. ಕೊನೆಗೆ ಕನ್ನಡಕ ಹಾಕಿಕೊಂಡು, ಹೂವು ಬೀಳದಿದ್ದರೆ ತಪ್ಪು ತನ್ನದೆಂದು ಡಾಕ್ಟ್ರಮ್ಮನಿಗೆ ತಾನೇ ಹೇಳುತ್ತೇನೆ ಎಂದು ಬಸ್ಸಿಗೆ ಹೋದರು. ನನಗೂ ಅಂದು ಅವರ ಮೇಲೆ ಕೋಪ ಬಂದಿತ್ತು. ಇಷ್ಟು ದಿನ ಕೊಟ್ಟವರಿಗೆ ಇದೊಂದು ದಿನ ಕೊಟ್ಟರೆ ಏನು ಗಂಟು ಹೋಗುತ್ತದೆ ಎಂದುಕೊಂಡೆ.

ಮರುದಿನ ಅವರು ಜುಮಾ ಮುಗಿಸಿ ಬಂದು ಬೋರ್ಡಿನ ಬಲಬದಿಯ ಎಲ್ಲಕ್ಕಿಂತ ಹಳೆಯ ಸಾಲನ್ನು ಹಿಡಿದುಕೊಂಡು ಕೂತರು. ಸುಳ್ಯದ ಕೌಂಟರಿನ ಹುಡುಗಿ ತಿಂಗಳುಗಟ್ಟಲೆ ಹೇಳುತ್ತಿದ್ದ ದೂರು ಅದು. ಒಂದು ಫೋನ್ ನಂಬರ್ ಹಾಕಿದರೆ ಮಾತ್ರ ಪರದೆ ಸುತ್ತುತ್ತ ನಿಲ್ಲುತ್ತದೆ, ಉಳಿದವಕ್ಕೆ ಏನೂ ಇಲ್ಲ. ನಿಧಾನ ಅಷ್ಟೆ, ತಪ್ಪಲ್ಲವಲ್ಲ ಎಂದು ಮೀಟಿಂಗಿನಲ್ಲಿ ಪ್ರತಿ ಸಲ ಮುಂದೆ ಹಾಕುತ್ತಿದ್ದದ್ದು. ಸ್ವಲ್ಪ ಹೊತ್ತಿಗೆ ಇಚ್ಚ ನನ್ನನ್ನು ಕರೆದರು.

"ಇದು ಎಂತ ಮಾರಾಯ್ತಿ? ಒಂದೇ ನಂಬರಿಗೆ ಇಷ್ಟು ಜನ. ಗೌಡರಿದ್ದಾರೆ, ಪೂಜಾರಿಗಳಿದ್ದಾರೆ, ನಮ್ಮವರಿದ್ದಾರೆ, ಇಬ್ರು ಭಟ್ರೂ ಇದ್ದಾರೆ. ಒಂದೇ ಮನೆಯಾ ಇದು?"

ಕೌಂಟರಿನ ಹುಡುಗಿ ಉದಾಸೀನದಿಂದ ಬಾಯಿಗೆ ಬಂದ ಸುಳ್ಳು ನಂಬರ್ ಹಾಕಿರಬೇಕು, ಅಳಿಸಿಬಿಡಲೇ ಎಂದು ಕೇಳಲು ಅವರು ಕರೆದದ್ದು. ನಾನು ಬಗ್ಗಿ ನಂಬರ್ ನೋಡಿದೆ. ನನಗೆ ನಗು ಬಂತು. ಅದು ನನಗೆ ಚಿಕ್ಕಂದಿನಿಂದ ಬಾಯಿಪಾಠ ಬರುವ ನಂಬರು. ಐವರ್ನಾಡಿನಿಂದ ಒಳಗೆ ಹೋದರೆ ನಮ್ಮ ಊರಿನ ಕವಲುದಾರಿಯಲ್ಲಿ ಇರುವ ಶೇಷಣ್ಣನ ದಿನಸಿ ಅಂಗಡಿಯದ್ದು. ನಮ್ಮ ಗುಡ್ಡದಲ್ಲಿ ಯಾರ ಮನೆಗೂ ಸಿಗ್ನಲ್ ಇಲ್ಲ. ಹಾಗಾಗಿ ಶಾಲೆ, ರೇಷನ್, ಗ್ಯಾಸು, ಆಸ್ಪತ್ರೆ, ಎಲ್ಲಿ ಕೇಳಿದರೂ ನಾವು ಕೊಡುವುದು ಶೇಷಣ್ಣನ ನಂಬರು. ಫೋನ್ ಬಂದರೆ ಗುಡ್ಡ ಹತ್ತುವವರ ಹತ್ತಿರ ಅವನು ಹೇಳಿ ಕಳಿಸುತ್ತಾನೆ. ಆ ಸಾಲಿನಲ್ಲಿ ಮೂರನೆಯದು ನನ್ನ ಅಮ್ಮನ ಹೆಸರೇ ಆಗಿತ್ತು.

ಇಚ್ಚ ನಗಲಿಲ್ಲ. ಪ್ರೋಗ್ರಾಮಿನ ಆ ಭಾಗವನ್ನು ಬರೆದದ್ದು ಲ್ಯಾಬು ಪುತ್ತೂರು ಪೇಟೆಯಲ್ಲಿ ಮಾತ್ರ ಇದ್ದಾಗ. ನಂಬರ್ ಒಂದೇ ಆದರೆ ಮನೆ ಒಂದೇ ಎಂದು ತಿಳಿದು ಅದು ಅಷ್ಟೂ ಜನರ ವರದಿಗಳನ್ನು ಒಟ್ಟಿಗೆ ತೆಗೆಯುತ್ತಿತ್ತು. ಪೇಟೆಯಲ್ಲಿ ಅದು ಸರಿಯೇ. ಅವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು.

"ನಾಳೆ ಬಟನ್ ಒತ್ತಿದ್ರೆ ಈ ಶೇಷಣ್ಣನ ಫೋನಿಗೆ ಬರುದು ಯಾರ್ಯಾರ ವರದಿ?"

ನನ್ನ ನಗು ಅಲ್ಲಿಗೆ ನಿಂತಿತು. ಶೇಷಣ್ಣ ಒಳ್ಳೆಯ ಮನುಷ್ಯ, ಕೆಟ್ಟ ಬುದ್ಧಿಯಿಲ್ಲ. ಆದರೆ ಅವನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಫೋನಿಗೆ ಏನೇ ಬಂದರೂ ಅಂಗಡಿಯ ಬೆಂಚಿನಲ್ಲಿ ಹತ್ತಿರ ಕೂತವನ ಕೈಗೆ ಕೊಟ್ಟು, ಎಂತ ಬಂತು ನೋಡು ಮಾರಾಯ ಎನ್ನುತ್ತಾನೆ. ಕೂತವನು ದೊಡ್ಡಕ್ಕೆ ಓದುತ್ತಾನೆ. ಬೆಂಚು ಪೂರ್ತಿ ಕೇಳಿಸಿಕೊಳ್ಳುತ್ತದೆ. ನಮ್ಮ ಊರಿನ ಪೇಪರು, ರೇಡಿಯೋ ಎಲ್ಲ ಅದೇ. ಇದನ್ನು ಇಚ್ಚನಿಗೆ ಹೇಳಿದಾಗ ಅವರು ಕನ್ನಡಕ ತೆಗೆಯಲೂ ಮರೆತರು.

ಪರದೆಯಲ್ಲಿ ಅಮ್ಮನ ಹೆಸರಿನ ಕೆಳಗೆ ಎಲ್ಲೋ ನನಗೆ ಗೊತ್ತಿದ್ದ ಇನ್ನೊಂದು ಹೆಸರು ಕಣ್ಣಿಗೆ ಬಿತ್ತು. ನಮ್ಮ ಗುಡ್ಡದ ಹುಡುಗಿಯೇ. ಅವಳ ಹೆಸರಿನ ಎದುರು ಒಂದು ಪರೀಕ್ಷೆಯ ಹೆಸರಿತ್ತು. ಕೆಲವು ಪರೀಕ್ಷೆಗಳಿಗೆ ಫಲಿತಾಂಶವೇ ಬೇಕಾಗುವುದಿಲ್ಲ, ಮಾಡಿಸಿದ್ದಾಳೆ ಎಂದು ಗೊತ್ತಾದರೆ ಸಾಕು, ಉಳಿದದ್ದನ್ನು ಊರೇ ಕಟ್ಟಿ ಹೇಳುತ್ತದೆ. ಯಾವ ಪರೀಕ್ಷೆ ಎಂದು ನಾನು ಅಂದು ಯಾರಿಗೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಆಗ ಅವಳಿಗೆ ಗಂಡು ನೋಡುತ್ತಿದ್ದರು. ಸುಳ್ಯದ ತನಕ ಒಬ್ಬಳೇ ಬಸ್ಸಿನಲ್ಲಿ ಹೋಗಿ, ಯಾರಿಗೂ ತಿಳಿಯದ ಹಾಗೆ ರಕ್ತ ಕೊಟ್ಟು ಬಂದಿದ್ದಾಳೆ. ಕೌಂಟರಿನಲ್ಲಿ ನಂಬರ್ ಕೇಳಿದಾಗ ರೂಢಿಯಂತೆ ಶೇಷಣ್ಣನ ನಂಬರ್ ಹೇಳಿದ್ದಾಳೆ. ನಾಳೆ ಈ ಹೊತ್ತಿಗೆ ಅದು ಬೆಂಚಿನ ಮೇಲೆ ದೊಡ್ಡಕ್ಕೆ ಓದಿ ಆಗಿರುತ್ತಿತ್ತು.

ಇಚ್ಚ ನನ್ನ ಮುಖ ನೋಡಿದರು. ಕೈ ಚಾಚಿ ಪರದೆ ಆರಿಸಿದರು.

"ನಾನು ಹೆಸರು ಓದ್ಲಿಲ್ಲ" ಎಂದರು.

ಆಮೇಲೆ ಹುಡುಗರನ್ನು ಕೂರಿಸಿ, ಹೆಸರುಗಳನ್ನು ಮರೆಮಾಡಿ, ಇಂಥ ನಂಬರುಗಳು ಬೇರೆ ಉಂಟೋ ಎಂದು ಹುಡುಕಿಸಿದರು. ಬೇಕಾದಷ್ಟಿದ್ದವು. ಸುಳ್ಯದ ಕಡೆಯ ಒಬ್ಬ ಜೀಪು ಡ್ರೈವರನ ನಂಬರು, ಕಡಬದ ಕಡೆಯ ಒಬ್ಬಳು ಟೈಲರಳ ನಂಬರು. ಒಂದೊಂದು ನಂಬರಿನ ಹಿಂದೆ ಒಂದೊಂದು ಗುಡ್ಡ.

ಯಜಮಾನರನ್ನು ಕರೆದು ವಿಷಯ ಹೇಳಿದವರು ಇಚ್ಚ. ನಿನ್ನೆಯ ಮಾತಿನ ಸುದ್ದಿಯನ್ನೇ ಎತ್ತಲಿಲ್ಲ. ಯಜಮಾನರು ಕೇಳುತ್ತ ಕೇಳುತ್ತ ಕುರ್ಚಿ ಎಳೆದು ಕೂತರು. ಆಮೇಲೆ ಡಾಕ್ಟ್ರಮ್ಮನಿಗೆ ತಾನೇ ಹೇಳುತ್ತೇನೆ ಎಂದು ಫೋನ್ ತೆಗೆದರು. ಆ ಮನುಷ್ಯನ ಮೇಲೆ ನನಗೆ ಗೌರವ ಬಂದದ್ದು ಆಗ. ಎಲ್ಲರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲೆ ಇಟ್ಟರು, ಸುತ್ತಿ ಬಳಸದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ದೊಡ್ಡ ಗಿರಾಕಿ ಕೈತಪ್ಪಿತು ಎಂದುಕೊಂಡೆ. ಭಟ್ಟರ ಹುಡುಗ ಉಗುರು ಕಚ್ಚುತ್ತಿದ್ದ.

"ನಾಳೆ ಒಂದು ಮೆಸೇಜೂ ಹೋಗುದು ಬೇಡ" ಎಂದರು ಡಾಕ್ಟ್ರಮ್ಮ. "ಬಂದವರ ಕೈಯಲ್ಲಿ ದೀಪ ಹಚ್ಚಿಸ್ತೇನೆ. ನಿಮ್ಗೆ ಇದು ಇವತ್ತೇ ಗೊತ್ತಾಯ್ತಲ್ಲ, ನನ್ನ ಪುಣ್ಯ."

ಹೋದ ಜೀವ ಬಂದ ಹಾಗಾಯಿತು. ಮಲಯಾಳ ಮಾತಾಡುವ ಹುಡುಗಿ ನನ್ನನ್ನು ತಬ್ಬಿಕೊಂಡಳು. ಯಜಮಾನರು ಹೊಟೇಲಿನಿಂದ ಎಲ್ಲರಿಗೂ ಬನ್ಸ್ ಮತ್ತು ಚಾ ತರಿಸಿದರು. ಪರೀಕ್ಷೆಯ ದಿನದ ಲಾಡಿಗಿಂತ ಆ ಬನ್ಸ್ ರುಚಿಯಾಗಿತ್ತು. ಶನಿವಾರ ಕಡಬದಲ್ಲಿ ದೀಪ ಹಚ್ಚಿದರು, ಭಾಷಣ ಮಾಡಿದರು, ಉಪ್ಪಿಟ್ಟು ಹಂಚಿದರು. ಬಟನ್ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ.

ಪೂರ್ತಿ ಸರಿ ಮಾಡುವಷ್ಟರಲ್ಲಿ ಮಳೆಗಾಲ ಮುಗಿಯಿತು. ಈಗ ಎಲ್ಲ ಕೌಂಟರುಗಳಲ್ಲೂ ನಂಬರ್ ಬರೆದುಕೊಂಡ ಮೇಲೆ, ಈ ಫೋನ್ ನಿಮ್ಮ ಕೈಯಲ್ಲೇ ಇರುತ್ತದೆಯೇ ಎಂದು ಒಂದು ಮಾತು ಕೇಳುತ್ತಾರೆ. ಇಲ್ಲ ಎಂದವರಿಗೆ ಸಂದೇಶ ಹೋಗುವುದಿಲ್ಲ, ಅವರು ಬಂದು ಲಕೋಟೆಯಲ್ಲಿ ತೆಗೆದುಕೊಂಡು ಹೋಗುತ್ತಾರೆ. ಈ ಪ್ರಶ್ನೆ ಕೇಳುವುದು ನಮ್ಮ ಹೊಸ ಸೌಕರ್ಯ ಎಂದು ನಾನು ಬೇರೆ ಲ್ಯಾಬುಗಳಿಗೂ ಮಾರಿ ಬಂದೆ. ಯಜಮಾನರಂತೂ, ಶುಕ್ರವಾರ ನಮ್ಮಲ್ಲಿ ಹೊಸ ಕೆಲಸ ಮುಟ್ಟುವುದಿಲ್ಲ ಎಂದು ಗಿರಾಕಿಗಳ ಮುಂದೆ ಎದೆಯುಬ್ಬಿಸಿ ಹೇಳುತ್ತಾರೆ. ಕೇಳಿದವರು ಅದು ಅವರದ್ದೇ ಯೋಚನೆ ಎಂದುಕೊಳ್ಳಬೇಕು. ಒಮ್ಮೆ ಇಚ್ಚನ ಎದುರಿಗೇ ಹಾಗೆ ಹೇಳಿದರು. ಇಚ್ಚ ಆಗ್ಬಹುದು ಎಂದರು.

ಆ ಹುಡುಗಿಯ ವಿಷಯ ಮತ್ತೆ ನಮ್ಮಿಬ್ಬರ ನಡುವೆ ಬರಲೇ ಇಲ್ಲ. ಒಂದು ಹೆಸರು ಇತ್ತು ಎಂದು ಅವರಿಗೆ ಗೊತ್ತಿತ್ತು, ಅಷ್ಟೆ. ಎಷ್ಟೋ ವರ್ಷ ಎದುರು ಬದುರು ಕೂತು ಪತ್ತಿರ್ ತಿಂದೆವು, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಅವರು ನಿವೃತ್ತರಾದ ಮರು ತಿಂಗಳು ಒಂದು ಭಾನುವಾರ ಊರಿಗೆ ಹೋಗಿದ್ದೆ. ಬಸ್ಸಿಳಿದು ಶೇಷಣ್ಣನ ಅಂಗಡಿಯಲ್ಲಿ ಅಮ್ಮನಿಗೆ ಬೇಕಾದ ಸಾಮಾನು ಕಟ್ಟಿಸುತ್ತ ನಿಂತಿದ್ದೆ. ಬೆಂಚು ತುಂಬಿತ್ತು. ಅವಳು ಬಂದಳು. ಈಗ ಮದುವೆಯಾಗಿದೆ, ಸೊಂಟದಲ್ಲಿ ಮಗು. ತವರಿಗೆ ಬಂದವಳು ಸಕ್ಕರೆ ಒಯ್ಯಲು ಬಂದಿದ್ದಳು. ನನ್ನನ್ನು ಕಂಡು ಅಕ್ಕಾ ಯಾವಾಗ ಬಂದದ್ದು ಎಂದು ಕೇಳಿದಳು. ಅಷ್ಟರಲ್ಲಿ ಶೇಷಣ್ಣನ ಫೋನು ಕುಂಯ್ ಎಂದಿತು. ಅವನು ಎಂದಿನ ಹಾಗೆ ಅದನ್ನು ಬೆಂಚಿನ ಕಡೆ ಚಾಚಿ, ಎಂತ ಬಂತು ನೋಡು ಮಾರಾಯ ಎಂದ. ನಾನು ಸಾಮಾನಿನ ಲೆಕ್ಕ ಬಿಟ್ಟು ಆ ಫೋನನ್ನೇ ನೋಡಿದೆ. ಕೂತವನು ದೊಡ್ಡಕ್ಕೆ ಓದಿದ. ಒಂದೇ ತಿಂಗಳಲ್ಲಿ ತೂಕ ಇಳಿಸಿ ತೆಳ್ಳಗಾಗಿ ಎಂಬ ಯಾವುದೋ ಔಷಧಿಯ ಜಾಹೀರಾತು. ಶೇಷಣ್ಣ ಒಣಗಿದ ಕಡ್ಡಿಯ ಹಾಗೆ ಇರುವ ಆಸಾಮಿ. ಬೆಂಚು ಘೊಳ್ಳೆಂದು ನಕ್ಕಿತು.

"ನಿಮ್ಮಲ್ಲಿ ಇಳಿಸ್ಲಿಕ್ಕೆ ಎಂತ ಉಂಟು ಶೇಷಣ್ಣ? ಎಲುಬು ಇಳಿಸ್ಬೇಕಷ್ಟೆ" ಎಂದಳು ಅವಳು.

ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ. ನಗುವಿನ ಸದ್ದಿಗೆ ಮಗುವೂ ನಕ್ಕಿತು. ಸಕ್ಕರೆಯ ಪೊಟ್ಟಣ ತೆಗೆದುಕೊಂಡು, ಬರ್ತೇನೆ ಅಕ್ಕ ಎಂದು ಹೇಳಿ, ಬೆಂಚಿನ ಮುಂದೆಯೇ ನಡೆದು ಗುಡ್ಡದ ದಾರಿ ಹಿಡಿದಳು. ಬೆಂಚಿನವರು ಆಗಲೇ ಬೇರೆ ಮಾತಿಗೆ ಹೋಗಿದ್ದರು. ನನಗೆ ಕಣ್ಣು ತುಂಬಿ ಬಂತು, ತೂಗು ಹಾಕಿದ್ದ ಬಾಳೆಗೊನೆಯನ್ನು ನೋಡುತ್ತ ನಿಂತೆ.

ಮನೆಗೆ ಹತ್ತಿದರೆ ಸಿಗ್ನಲ್ ಇಲ್ಲ. ಅಲ್ಲಿಂದಲೇ ಇಚ್ಚನಿಗೆ ಫೋನ್ ಮಾಡಿದೆ. ಅವರು ಯಾರದ್ದೋ ಪಂಪು ಬಿಚ್ಚಿಟ್ಟುಕೊಂಡು ಕೂತಿದ್ದರಂತೆ. ಎಂತ ವಿಶೇಷ ಎಂದು ಕೇಳಿದರು. ವಿಶೇಷ ಏನೂ ಇಲ್ಲ ಎಂದೆ. ಆಮೇಲೆ ತಡೆಯಲಾಗಲಿಲ್ಲ.

"ಇವತ್ತು ಶೇಷಣ್ಣನ ಅಂಗಡಿಯಲ್ಲಿ ಒಬ್ಬಳು ನಗುದು ನೋಡಿದೆ ಇಚ್ಚ. ಬೆಂಚಿನವರ ಎದುರಿಗೇ" ಎಂದೆ.

ಯಾರು ಎಂದು ಅವರು ಕೇಳಲಿಲ್ಲ.

"ಅಲ್‌ಹಮ್ದುಲಿಲ್ಲಾ" ಎಂದರು. ಆಮೇಲೆ, ನಿಮ್ಮಲ್ಲಿ ಮಳೆ ಬಂತಾ ಎಂದು ಕೇಳಿದರು.